ಹಲ್ಲಿನ ಡಾಕ್ಟರ ಗಾಡಿ

ನಗಬೇಡ... ನಗಬೇಡ ಅಂದ್ನಲ್ಲ! ಬೈಕು ಕಣೇ ಇದು, ಬೈಕು. ಎಮ್ಮೆ ಹಾಗೆ ಕಾಣುತ್ತಾ ನಿನಗೆ? ...ಹೂಂ, ಸ್ವಲ್ಪ ಕಾಣುತ್ತೆ, ಒಪ್ಕೋತೀನಿ. ಹಿಂದಿನಿಂದ ನೋಡಿದ್ರೆ ಆ ಎರಡು ಪೆಟ್ಟಿಗೆ ಬೇರೆ ಅಕ್ಕಪಕ್ಕ ಉಬ್ಬಿಕೊಂಡು... ಸರಿ ಸರಿ, ನಕ್ಕು ಮುಗಿಸಿಬಿಡು. ನಾನು ತಂದ ಯಾವ ಸಾಮಾನಿಗೆ ನೀನು ನಕ್ಕಿಲ್ಲ ಹೇಳು. ಫ್ರಿಜ್ಜಿಗೂ ನಕ್ಕೆ.

ಅದೇ, ಹೇಳಿದ್ನಲ್ಲ, ಆ ಹಲ್ಲಿನ ಡಾಕ್ಟರ ಹತ್ರ ತಂದದ್ದು. ನಿನ್ನ ದವಡೆ ಹಲ್ಲು ಕಿತ್ತನಲ್ಲ, ಅದೇ ಪುಣ್ಯಾತ್ಮ. ಐದು ವರ್ಷ ಇಟ್ಕೊಂಡಿದ್ನಂತೆ. ಓಡಿಸಿದ್ದೆಷ್ಟು ಗೊತ್ತಾ? ನಾನು ಬಸ್ಸಲ್ಲಿ ಎರಡು ತಿಂಗಳಿಗೆ ಓಡಿಸೋಷ್ಟು! ಥೂ! ಭಾನುವಾರ ಭಾನುವಾರ ಹೊರಗೆ ತರೋದು, ಒರೆಸೋದು, ಪಕ್ಕದಲ್ಲಿ ನಿಂತು ಫೋಟೋ ತೆಗೆಸ್ಕೊಳ್ಳೋದು, ಮತ್ತೆ ಬಟ್ಟೆ ಮುಚ್ಚಿ ಒಳಗೆ ಇಡೋದು. ಕೊಡುವಾಗ ಕಣ್ಣಲ್ಲಿ ನೀರು ಬೇರೆ! ದಿನಾ ನಾಲ್ಕು ಜನರನ್ನ ಕುರ್ಚಿಗೆ ಒರಗಿಸಿ ಅಳಿಸೋನು, ಕೀಲಿ ನನ್ನ ಕೈಗೆ ಹಾಕಿ ಮುಖ ಆ ಕಡೆ ತಿರುಗಿಸಿಕೊಂಡ. ನನಗೆ ನಗು ತಡ್ಕೊಳ್ಳಕ್ಕಾಗ್ಲಿಲ್ಲ. ಒಂದು ಫೈಲ್ ಕೊಟ್ಟಿದಾನೆ ನೋಡು, ಇಷ್ಟು ದಪ್ಪ. ಯಾವತ್ತು ಆಯಿಲ್ ಹಾಕಿಸಿದ, ಯಾವತ್ತು ಬ್ರೇಕ್ ನೋಡಿಸಿದ, ಯಾವತ್ತು ಗಾಳಿ ಹೊಡೆಸಿದ... ಗಾಳಿಗೂ ಚೀಟಿ ಕಣೇ!

ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಅಂತಾರೆ. ನಾನೇನು ದಾನ ತಗೊಂಡಿಲ್ಲ, ಅದಕ್ಕೇ ಅವನೆದುರಿಗೇ ಒಂದೊಂದೂ ಎಣಿಸಿದೆ. ಚೈನು ಎಳೆದು ನೋಡಿದೆ, ಟೈರಿಗೆ ಉಗುರು ಒತ್ತಿ ನೋಡಿದೆ, ಕೊನೆಗೆ ಬಗ್ಗಿ ಎಂಜಿನ್ನಿಗೆ ಮೂಗು ಹಿಡಿದು ಮೂಸಿನೂ ನೋಡಿದೆ. ಪಾಪ, ಅವನು ನಿಂತಲ್ಲೇ ಬೆವರಿದ. ಹಲ್ಲು ನೋಡೋನಿಗೆ ಹಲ್ಲು ತೋರಿಸೋ ಕಷ್ಟ ಏನು ಅಂತ ಒಂದಿನ ಗೊತ್ತಾಗ್ಲಿ.

ಸ್ಪೋರ್ಟ್ಸ್ ಟೂರಿಂಗ್ ಅಂತೆ ಇದರ ಜಾತಿ. ರೇಸಿಗೂ ಆಗುತ್ತೆ, ದೂರದ ಊರಿಗೂ ಆಗುತ್ತೆ ಅಂತ ಪಾಠ ಹೇಳಿದ. ಮೂವತ್ತು ವರ್ಷ ಸ್ಟೇರಿಂಗ್ ಹಿಡಿದವನಿಗೆ ಪಾಠ! ನಾನು ಹೇಳ್ತೀನಿ ಕೇಳು, ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು, ಅಷ್ಟೇ ಇದರ ಕಥೆ. ಹ್ಯಾಂಡಲ್ಲು ಮುಂದಕ್ಕೆ ಬಗ್ಗು ಅನ್ನುತ್ತೆ, ಸೀಟು ಆರಾಮಾಗಿ ಕೂತ್ಕೋ ಅನ್ನುತ್ತೆ. ಮಧ್ಯದಲ್ಲಿ ಸೊಂಟ ಯಾರದು? ನನ್ನದು! ಎರಡು ಸಿಗ್ನಲ್ಲಲ್ಲಿ ನಿಂತ್ರೆ ಕಾಲ ಸಂದಿಯಲ್ಲಿ ಅನ್ನ ಬೇಯುತ್ತೆ, ಅಷ್ಟು ಕಾವು. ಹಾರ್ನ್ ಕೇಳ್ತೀಯಾ? ಕೇಳು... ಕೇಳಿಸ್ತಾ? ನೆಗಡಿಯಾದ ಬೆಕ್ಕು! ನಮ್ಮ ಬಸ್ಸಿನ ಹಾರ್ನ್ ಹೊಡೆದ್ರೆ ಮಲಗಿದ್ದೋರು ಎದ್ದು ಹಾಸಿಗೆ ಮಡಚಿಡ್ತಿದ್ರು.

ಕನ್ನಡಿ ನೋಡು, ಎರಡಿದೆ. ಎರಡರಲ್ಲೂ ನನ್ನ ಮೊಣಕೈ ಬಿಟ್ಟು ಇನ್ನೇನೂ ಕಾಣಲ್ಲ. ನನ್ನ ಮೊಣಕೈ ಇದೆ ಅಂತ ನನಗೆ ಗೊತ್ತಿಲ್ವಾ?

ಎಂಜಿನ್ ಮಾತ್ರ... ಎಂಜಿನ್ ವಿಷಯದಲ್ಲಿ ಸುಳ್ಳು ಹೇಳಲ್ಲ. ಆರನೇ ಗೇರಿಗೆ ಹಾಕಿದ ಮೇಲೆ ಅಲುಗಾಟನೇ ಇಲ್ಲ ಕಣೇ. ಬೈಪಾಸಲ್ಲಿ ಒಂದೇ ಒಂದು ನಿಮಿಷ, ಎದುರಿಗೆ ಯಾರೂ ಇರ್ಲಿಲ್ಲ, ನೇರ ರಸ್ತೆ... ಹೆಲ್ಮೆಟ್ ಒಳಗೆ ಹಾಡು ಬಂತು ಬಾಯಿಗೆ. ನಿಜ. ಬಹಳ ದಿನ ಆಗಿತ್ತು.

ಆದ್ರೆ ಊರೊಳಗೆ ಬಂದೆ ನೋಡು, ಶುರುವಾಯ್ತು! ಜನ ಹೇಗಾಗಿದ್ದಾರೆ ಅಂತೀಯ? ರಸ್ತೇಲಿ ನಡ್ಕೊಂಡು ಬರಲ್ಲ ಈಗ ಯಾರೂ, ಆಕಾಶದಿಂದ ಉದುರ್ತಾರೆ! ಒಬ್ಬಳು ಕೈಯಲ್ಲಿ ಚೀಲ ಹಿಡಿದು, ಎಡಗಡೆಯಿಂದ, ಧೊಪ್ಪಂತ ಉದುರಿದ್ಲು. ಇರ್ಲೇ ಇಲ್ಲ, ಇದ್ಲು! ನಾನು ಬ್ರೇಕ್ ಒತ್ತಿ ಬೈದೆ. ಅವಳು ನನಗೇ ಬೈದ್ಲು, ಕಣ್ಣು ಮನೇಲಿ ಇಟ್ಟು ಬಂದಿದೀಯಾ ಅಂತ. ನನಗೆ! ಆಮೇಲೆ ಒಬ್ಬ ಸೈಕಲ್ಲಿನೋನು. ಆಮೇಲೆ ಒಂದು ನಾಯಿ. ನಾಯಿಯಾದ್ರೂ ಪಾಪ, ಬೈಯ್ಯದೆ ಹೋಯ್ತು. ಮೊದಲೆಲ್ಲ ಹೀಗಿರ್ಲಿಲ್ಲ ಕಣೇ. ಮೊದಲೆಲ್ಲ ಜನ ದೂರದಿಂದ ಬರೋದು ಕಾಣ್ತಿತ್ತು. ರಸ್ತೇಲಿ ನಡೆಯೋ ಶಿಸ್ತೇ ಹೋಗಿಬಿಟ್ಟಿದೆ.

...ಎದುರುಮನೆ ಮೇಷ್ಟ್ರಾ? ಏನಂತೆ? ಅವರು ಗೇಟಿನ ಹತ್ರ ನಿಂತು ಕೈ ಬೀಸಿದ್ರಂತಾ? ನಾನು ನೋಡಿಯೂ ನೋಡದ ಹಾಗೆ ಹೋದೆನಂತಾ? ಅವರ ಹೆಂಡ್ತಿ ನಿನ್ನ ಹತ್ರ ಬಂದು ಹೇಳಿದ್ರಾ! ಆಹಾ, ಎಷ್ಟು ಬೇಗ! ಹೊಟ್ಟೆಕಿಚ್ಚು ಕಣೇ. ಗಂಡ ಇನ್ನೂ ಆ ಹಳೇ ಸ್ಕೂಟರ್ ಒದ್ದೂ ಒದ್ದೂ ಚಪ್ಪಲಿ ಸವೆಸ್ತಾ ಇದಾರೆ. ಇವನಿಗೆ ಗಾಡಿ ಬಂತು, ಸೊಕ್ಕು ಬಂತು ಅಂತ ಊರಿಗೆಲ್ಲ ಸಾರ್ಲಿ, ನನಗೇನು? ಅವರು ನಿಂತಿದ್ರೆ ನನಗೆ ಕಾಣ್ತಿರ್ಲಿಲ್ವಾ? ನಿಂತೇ ಇರ್ಲಿಲ್ಲ ಮನುಷ್ಯ.

ಅದೇನು ಹಾಗೆ ನೋಡ್ತಿದೀಯ? ಎಡಗಡೆ ಪೆಟ್ಟಿಗೆನಾ? ಆ ಗೀರು ಬರುವಾಗ್ಲೇ ಇತ್ತು. ಡಾಕ್ಟರದ್ದೇ ಕೆಲಸ. ಅಷ್ಟು ಫೈಲ್ ಇಟ್ಟೋನು ಅದೊಂದು ಬರೆದಿಲ್ಲ ನೋಡು, ಕಳ್ಳ! ...ಏನು, ಗೇಟಿನ ಕಂಬನಾ? ಕಂಬದ ಬಣ್ಣನೂ ಹಸಿರು, ಗೀರಿನ ಬಣ್ಣನೂ ಹಸಿರು, ಅದಕ್ಕೆ? ಊರಲ್ಲಿ ಇರೋ ಹಸಿರು ಕಂಬ ನಮ್ಮದೊಂದೇನಾ? ನೀನು ಕಂಡಕ್ಟರ್ ಆಗೋ ಬದಲು ಪೊಲೀಸ್ ಆಗ್ಬೇಕಿತ್ತು. ಈಗ ಬಸ್ ಸ್ಟ್ಯಾಂಡಿನ ಪಾಸ್ ಕೌಂಟರಲ್ಲಿ ಕೂತು ಕೂತು ಎಲ್ಲರ ಮುಖನೂ ಅನುಮಾನದಲ್ಲಿ ನೋಡೋದು ರೂಢಿ ಆಗಿದೆ ನಿನಗೆ.

ಸರಿ, ಬಿಡು ಅದನ್ನ. ವಿಷಯ ಕೇಳು. ಈ ಭಾನುವಾರ ಹೊರಡೋಣ. ಎಲ್ಲಿಗೆ ಅಂತ ಕೇಳಬೇಡ, ನಿನಗೇ ಗೊತ್ತು. ನಮ್ಮ ರೂಟಿನ ಕೊನೇ ಸ್ಟಾಪ್ ದಾಟಿ, ಆ ಬೆಟ್ಟದ ರಸ್ತೆ. ಹದಿನಾಲ್ಕು ವರ್ಷ ನೀನು ನನ್ನ ಬಸ್ಸಲ್ಲೇ ಟಿಕೆಟ್ ಹರಿದೆ, ಹದಿನಾಲ್ಕು ವರ್ಷ ಅಲ್ಲಿ ಬಸ್ ತಿರುಗಿಸುವಾಗೆಲ್ಲ ಕೇಳಿದೆ, ಇಲ್ಲಿಂದ ಮುಂದೆ ಈ ರಸ್ತೆ ಎಲ್ಲಿಗೆ ಹೋಗುತ್ತೆ, ಒಂದಿನ ಹೋಗೋಣ್ವಾ ಅಂತ. ನಾನು ಟೈಮಾಯ್ತು ಹತ್ತು ಅಂತಿದ್ದೆ. ಈಗ ನಾನೇ ಹೇಳ್ತಿದೀನಿ, ಹೋಗೋಣ. ಹಿಂದಿನ ಸೀಟು ನೋಡು, ನಮ್ಮ ಸೋಫಾಕ್ಕಿಂತ ಮೆತ್ತಗಿದೆ. ಹಿಡ್ಕೊಳ್ಳಕ್ಕೆ ಎರಡೂ ಕಡೆ ಹಿಡಿ ಇದೆ. ಒಂದು ಪೆಟ್ಟಿಗೇಲಿ ನಿನ್ನ ಬಟ್ಟೆ, ಇನ್ನೊಂದರಲ್ಲಿ ನನ್ನದು. ನೀನು ಕೂತ್ರೆ ಸಾಕು. ನೀನು ಕೂರದೇ ಇದ್ರೆ ಈ ಗಾಡಿ ನನಗೇನಕ್ಕೆ ಹೇಳು? ಒಬ್ಬನೇ ಹೋಗೋದಾದ್ರೆ ಇಷ್ಟು ಉದ್ದ ಸೀಟು ಯಾಕೆ ಬೇಕಿತ್ತು?

ಯಾಕೆ, ನಗು ನಿಂತುಹೋಯ್ತಲ್ಲ? ಮಾತಾಡು. ...ಸರಿ, ಯೋಚನೆ ಮಾಡು, ಅವಸರ ಇಲ್ಲ. ಅಲ್ಲೇ ಬಾಗಿಲಲ್ಲೇ ಇರು, ಹತ್ರ ಬರಬೇಡ, ಸೈಲೆನ್ಸರ್ ಇನ್ನೂ ಕಾದಿದೆ, ಕಾಲು ಸುಟ್ಕೋತೀಯ. ನಾನು ಈ ಚೈನಿಗೆ ಒಂಚೂರು ಎಣ್ಣೆ ತೋರಿಸ್ತೀನಿ. ಗಾಳಿಗೆ ಚೀಟಿ ಇಟ್ಟಿದಾನೆ, ಚೈನು ನೋಡು, ಹೇಗೆ ಒಣಗಿಸಿದಾನೆ!

ನಿನಗೆ ಹೆದರಿಕೆ ಅಂತ ಗೊತ್ತು ನನಗೆ. ಯಾರ ಹಿಂದೆ ಕೂರ್ತಿದೀಯ ಅಂತ ಮರ್ತೆಯಾ? ಮೂವತ್ತು ವರ್ಷ, ಒಂದು ಕೋಳಿ ಸಾಯಿಸಿಲ್ಲ! ಈಗಿನ ಡ್ರೈವರುಗಳನ್ನ ನೋಡ್ಬೇಕು ನೀನು. ಕೈಯಲ್ಲಿ ಫೋನು, ಕಿವೀಲಿ ಹಾಡು, ಗೇರ್ ಹಾಕಿದ್ರೆ ಹಿಂದಿನ ಸೀಟಿನ ಅಜ್ಜಿ ಮುಂದಿನ ಸೀಟಿಗೆ ಬರ್ತಾಳೆ. ಕೇಳಿದ್ರೆ ರಸ್ತೆ ಸರಿ ಇಲ್ಲ ಅಂತಾರೆ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಆ ಸಣಕಲ ಒಬ್ಬ ಇದಾನಲ್ಲ, ನನ್ನ ಬಸ್ಸನ್ನ ಈಗ ಹೇಗೆ ಓಡಿಸ್ತಾನೆ ಗೊತ್ತಾ? ಕ್ಲಚ್ಚಿನ ಮೇಲಿಂದ ಕಾಲೇ ತೆಗೆಯಲ್ಲ! ಒಂದೇ ತಿಂಗಳಲ್ಲಿ ಸುಟ್ಟು... ಅಂದ್ರೆ, ನನಗೆ ರಜ ಇದ್ದಾಗ. ರಜ ಇದ್ದಾಗ ಕೊಡ್ತಾರಲ್ಲ, ಆವಾಗ. ನನ್ನ ರಜ ದಿನ ಅವನು ತಗೋತಾನೆ, ಅದನ್ನ ಹೇಳಿದೆ. ಬೇರೇನಿಲ್ಲ.

ಏನಂತೀಯ ಮತ್ತೆ, ಭಾನುವಾರ? ...ಕೇಳಿಸ್ತಾ?

ಎಲ್ಲಿ ಹೋದ್ಲು ಇವಳು? ಲೇ! ...ನೋಡು, ಒಳಗೆ ಹೋಗಿದಾಳೆ! ನಾನಿಲ್ಲಿ ಗೋಡೆ ಹತ್ರ ಮಾತಾಡ್ತಿದೀನಿ. ಲೇ, ಬಾರೇ ಹೊರಗೆ! ಅಡುಗೆಮನೇಲಿ ಏನು ಕೊಳ್ಳೆ ಹೋಗ್ತಿದೆ? ಇಲ್ಲ ಅಂತಾದ್ರೆ ಇಲ್ಲ ಅಂತ ಮುಖಕ್ಕೆ ಹೇಳು, ಹೀಗೆ ಜಾರ್ಕೊಳ್ಳೋದು ಬೇಡ. ಎಷ್ಟೋ ಹೆಂಗಸರು ಓಡಿ ಬಂದು ಹತ್ತಿ ಕೂರ್ತಿದ್ರು. ನಮ್ಮವಳಿಗೆ ಮಾತ್ರ...

ಆಂ? ಏನದು? ...ಟ್ಯಾಂಕಿನ ಮೇಲೆ ಯಾರು ತಟ್ಟಿದ್ದು?

...ಅಯ್ಯೋ! ನೀನಾ? ಥೂ, ಜೀವ ಹೋಯ್ತು ನಂದು! ಪಕ್ಕದಲ್ಲೇ ನಿಂತಿದೀಯಲ್ಲೇ! ಯಾವಾಗ ಬಂದೆ? ಈಗ ಬಂದ್ಯಾ? ...ಈಗಲ್ವಾ? ಮತ್ತೆ? ನಾನು ಎಣ್ಣೆ ಹಾಕಕ್ಕೆ ಶುರು ಮಾಡಿದಾಗ್ಲಿಂದನಾ? ಇಲ್ಲೇ? ಇಷ್ಟು ಹತ್ರ? ಮತ್ತೆ ಕೂಗಿದಾಗ ಓ ಅನ್ನಕ್ಕೇನಾಗಿತ್ತು ನಿನಗೆ!

ಒಂದೇ ಸಲ ತಟ್ಟಿದೆ ನೀನು. ಬಸ್ಸಲ್ಲಿ ಒಂದು ತಟ್ಟಿದ್ರೆ ನಿಲ್ಸು ಅಂತ, ಎರಡು ತಟ್ಟಿದ್ರೆ ಹೋಗು ಅಂತ. ಗೊತ್ತು ನನಗೆ, ಏನು ಹೊಸದಾಗಿ ಕಲಿಸಬೇಕಾ? ಆದ್ರೆ ಗಾಡಿ ನಿಂತಲ್ಲೇ ನಿಂತಿದೆಯಲ್ಲ, ಇನ್ನೇನು ನಿಲ್ಸೋದು?

ನಾನು ಚೈನ್ ನೋಡ್ತಿದ್ದೆ ಕಣೇ. ಬಗ್ಗಿ ಚೈನ್ ನೋಡ್ತಿದ್ರೆ ಪಕ್ಕದಲ್ಲಿ ಯಾರು ಬಂದ್ರು ಅಂತ ಯಾರಿಗೆ ಗೊತ್ತಾಗುತ್ತೆ? ಯಾರಿಗೂ ಗೊತ್ತಾಗಲ್ಲ. ನಿನಗೂ ಆಗ್ತಿರ್ಲಿಲ್ಲ. ...ಸರಿ, ಈಗ ಚೈನ್ ನೋಡ್ತಿಲ್ಲ. ನಿನ್ನ ಮುಖನೇ ನೋಡ್ತಿದೀನಿ, ಏನೀಗ? ...ಭುಜ ಯಾಕೆ ಅಲುಗಾಡಿಸ್ತಿದೀಯ? ಏನು ಮಾಡ್ತಿದೀಯ? ಪಕ್ಕಕ್ಕೆ ಕೈ ಎತ್ತಿದೀಯಾ? ...ಎತ್ತಿಲ್ವಾ? ಎತ್ತಿದೀಯ, ನನಗೆ ಗೊತ್ತು. ಎರಡು ಬೆರಳು. ...ಮೂರು? ...ಬೈದುಬಿಡು ಬೇಕಾದ್ರೆ.

...ಆರು ವಾರ ಆಯ್ತು.

ವರ್ಷ ವರ್ಷ ಕಣ್ಣು ನೋಡ್ತಾರಲ್ಲ ಡಿಪೋದಲ್ಲಿ, ಆವಾಗ. ಒಂದು ಡಬ್ಬದೊಳಗೆ ಗಲ್ಲ ಇಟ್ಟು ಕೂರಿಸಿದ್ರು. ನಡುವೆ ನೋಡ್ತಾ ಇರು, ಸುತ್ತ ಚುಕ್ಕೆ ಮಿನುಗುತ್ತೆ, ಕಂಡಾಗ ಗುಂಡಿ ಒತ್ತು ಅಂದ್ಲು ಮಿಷನ್ ನೋಡ್ಕೊಳ್ಳೋ ಹುಡುಗಿ. ನಾನು ಕಾದೆ. ಚುಕ್ಕೆನೇ ಬರಲ್ಲ. ಮಿಷನ್ ಕೆಟ್ಟಿದೆಯೇನಮ್ಮಾ ಅಂತ ನಾನೇ ಅಂದೆ ಕಣೇ, ನಗ್ತಾ ಅಂದೆ! ಕಣ್ಣಲ್ಲಿ ಒತ್ತಡ ಅಂತೆ. ನಡುವೆ ಸರಿ ಇದೆ, ಪಕ್ಕದ್ದು ಹೋಗಿದೆ, ಹೋದದ್ದು ಬರಲ್ಲ ಅಂದ್ರು ಕಣ್ಣಿನ ಡಾಕ್ಟರು. ಕತ್ತಲೆ ಅಲ್ಲ ಅದು. ಕತ್ತಲೆ ಆಗಿದ್ರೆ ನನಗೇ ಗೊತ್ತಾಗ್ತಿತ್ತಲ್ಲ! ಏನೂ ಇರಲ್ಲ, ಅಷ್ಟೇ. ಅವತ್ತೇ ಬಸ್ ಇಸ್ಕೊಂಡ್ರು. ದಿನಾ ನೀನು ಕಟ್ಟಿಕೊಟ್ಟ ಡಬ್ಬಿ ತಗೊಂಡು ಹೋಗಿ ಸ್ಟೋರ್ ರೂಮಲ್ಲಿ ಕೂತು ಬರ್ತಿದೀನಿ. ಆ ಸಣಕಲ ಬಂದು ನಟ್ಟು ಬೋಲ್ಟು ಕೇಳ್ತಾನೆ, ಎದ್ದು ಕೊಡ್ತೀನಿ. ನನ್ನ ಬಸ್ಸಿಗೇ.

ಮತ್ತೆ ಈ ಬೈಕ್ ಯಾಕೆ ಅಂದ್ರೆ... ಬೈಕ್ ತಗೊಳ್ಳೋನ ಕಣ್ಣು ಯಾರೂ ನೋಡಲ್ಲ, ಅದಕ್ಕೆ. ನಡುವಿಂದೂ ಹೋಗೋದ್ರೊಳಗೆ ಆ ಬೆಟ್ಟದ ರಸ್ತೇಲಿ ಒಂದೇ ಒಂದು ಸಲ ನಿನ್ನನ್ನ ನಾನೇ ಕರ್ಕೊಂಡು ಹೋಗ್ಬೇಕು ಅಂತ. ನಿಧಾನಕ್ಕೆ ಹೋಗ್ತಿದ್ದೆ ಕಣೇ. ಬಹಳ ನಿಧಾನಕ್ಕೆ... ಹೂಂ. ಆ ಚೀಲದ ಹೆಂಗಸು ನೆನಪಿದೆ. ಒಂದು ಗೇಣು. ಒಂದು ಗೇಣಲ್ಲಿ ತಪ್ಪಿದ್ಲು. ಅಲ್ಲಿಂದ ಮನೆ ತನಕ ಫಸ್ಟ್ ಗೇರಲ್ಲೇ ಬಂದೆ.

ಅಳ್ತಿದೀಯಾ? ...ಇಲ್ಲ. ನೀನು ಅಳಲ್ಲ, ನೀನು ಕೀಲಿ ನೋಡ್ತಿದೀಯ. ನಾನೇ ಇಟ್ಕೊಂಡಿರ್ತೀನಿ, ಹೊರಗೆ ತೆಗೆಯಲ್ಲ, ಸುಮ್ನೆ ಒರೆಸಿ... ಆ ಹಲ್ಲಿನ ಡಾಕ್ಟರ ಹಾಗೆ. ಬೇಡ್ವಾ? ...ಬೇಡ. ಸರಿ. ಕೊಡ್ತೀನಿ, ತಗೋ. ತಗೊಳ್ಳೇ. ಕೈ ಚಾಚು... ಚಾಚಿದೀಯಾ? ಎಲ್ಲಿ? ...ಅಲ್ಲಿ ಬೇಡ, ಮುಂದೆ ತಾ. ನನ್ನ ಮೂಗಿನ ನೇರಕ್ಕೆ ಹಿಡಿ.