ಕುರ್ಚಿಯ ಎಡಗೈ

ವೇದಿಕೆಯ ನಡುವೆ ಕುಳಿತಿರುವ ಅಧ್ಯಕ್ಷರೇ, ಅವರ ಪಕ್ಕದಲ್ಲಿ ಕುಳಿತು ಕದ್ದು ಗಡಿಯಾರ ನೋಡುತ್ತಿರುವ ಮುಖ್ಯ ಅತಿಥಿಗಳೇ, ಮಾನ್ಯ ತೀರ್ಪುಗಾರರೇ, ನನ್ನ ಹೆಸರನ್ನು ಎರಡು ಸಲ ಓದಿ ಎರಡು ಸಲವೂ ಬೇರೆ ಬೇರೆಯಾಗಿ ತಪ್ಪಿದ ಕಾರ್ಯದರ್ಶಿಗಳೇ, ಮತ್ತು ಊಟಕ್ಕೆ ಮುಂಚೆ ಇದೇ ಕೊನೆಯ ಭಾಷಣ ಎಂಬ ಭರವಸೆಯಲ್ಲಿ ಕುಳಿತಿರುವ ಸಭಿಕರೇ,

ನಮ್ಮ ಮಾದರಿ ತಯಾರಕರ ಸಂಘದ ವಾರ್ಷಿಕೋತ್ಸವಕ್ಕೆ ನಾನು ಹೊಸಬಳಲ್ಲ. ಪ್ರತಿ ವರ್ಷ ಬಂದಿದ್ದೇನೆ, ಪ್ರತಿ ವರ್ಷ ಸಮಾಧಾನಕರ ಬಹುಮಾನ ತೆಗೆದುಕೊಂಡು ಹೋಗಿದ್ದೇನೆ. ಸಮಾಧಾನ ಈಗ ನಮ್ಮ ಮನೆಯ ಕಪಾಟಿನಲ್ಲಿ ಸಾಲಾಗಿ ನಿಂತಿದೆ. ಮನಸ್ಸಿನಲ್ಲಿ ಮಾತ್ರ ಇಲ್ಲ. ಈ ವರ್ಷ ಪ್ರಥಮ ಬಹುಮಾನವೆಂದು ಘೋಷಿಸಿದ್ದೀರಿ. ಮುಂದಿನ ಬಾಗಿಲ ಬಳಿಯ ಗಾಜಿನ ಕಪಾಟಿನಲ್ಲಿ ನಾನು ಮಾಡಿದ ಪುಟ್ಟ ಬಾಹ್ಯಾಕಾಶ ನೌಕೆಗೆ ಶಾಶ್ವತ ಜಾಗವೆಂದೂ ಹೇಳಿದ್ದೀರಿ. ನನಗೆ ಇದು ಬೇಡವಾಗಿತ್ತು ಎಂದು ದೊಡ್ಡಸ್ತಿಕೆ ತೋರಿಸಲಾರೆ. ಬೇಕಾಗಿತ್ತು. ಹೊಟ್ಟೆ ಉರಿಯುವಷ್ಟು ಬೇಕಾಗಿತ್ತು.

ನಾನು ಹೊಟ್ಟೆಪಾಡಿಗೆ ಹಲ್ಲು ಮಾಡುವವಳು. ದಂತವೈದ್ಯರು ಅಚ್ಚು ಕಳುಹಿಸುತ್ತಾರೆ, ನಾನು ಕಟ್ಟುಹಲ್ಲು ಮಾಡಿ ಬಣ್ಣ ಕೊಡುತ್ತೇನೆ. ಬಂದವರೆಲ್ಲ ಕೇಳುವುದು ಒಂದೇ: ಬೆಳ್ಳಗಿರಲಿ. ಒಬ್ಬ ಹಿರಿಯರು ಹಟ ಹಿಡಿದು ಮುತ್ತಿನಂಥ ಹಲ್ಲು ಮಾಡಿಸಿಕೊಂಡರು. ಮನೆಗೆ ಹೋಗಿ ನಕ್ಕರಂತೆ. ಹೆಂಡತಿ, "ಬಾಯಿ ಮುಚ್ಕೊಳ್ರೀ, ಯಾರೋ ಬಂದ ಹಾಗಾಯ್ತು" ಎಂದರಂತೆ. ಮರುದಿನವೇ ವಾಪಸ್ ಬಂದರು. ಅಂಚಿಗೆ ಸ್ವಲ್ಪ ಹಳದಿ, ಒಂದು ಕಡೆ ಸ್ವಲ್ಪ ಸವೆತ ಕೊಟ್ಟೆ. ಮನುಷ್ಯ ಮತ್ತೆ ಮನುಷ್ಯನ ಹಾಗೆ ಕಂಡರು.

ಅದೇ ಕೆಲಸವನ್ನು ಬಿಡುವಿನಲ್ಲಿ ನೌಕೆಗಳಿಗೆ ಮಾಡುತ್ತೇನೆ. ಇಲ್ಲಿ ನನ್ನ ಮಿತ್ರರು ಯುದ್ಧನೌಕೆಗಳನ್ನು, ಸಾಮ್ರಾಟರ ನೌಕೆಗಳನ್ನು ಮಾಡಿದ್ದಾರೆ. ಕಣ್ಣು ಕುಕ್ಕುತ್ತವೆ. ನನ್ನದು ಗ್ರಹದಿಂದ ಗ್ರಹಕ್ಕೆ ಕಸ ಸಾಗಿಸುವ ನೌಕೆ. ಎಲ್ಲರೂ ಸಾಮ್ರಾಟರನ್ನೇ ಹೊತ್ತು ತಿರುಗಿದರೆ ಕಸ ಹೊರುವವರು ಯಾರು? ಮೊದಲು ಬಳಿದ ತುಕ್ಕಿನ ಬಣ್ಣಕ್ಕೆ ಉಪ್ಪಿನ ಹರಳು ಅಂಟಿಸಿ, ಮೇಲೆ ಇನ್ನೊಂದು ಬಣ್ಣ ಊದಿ, ಒಣಗಿದ ಮೇಲೆ ಉಜ್ಜಿ ತೆಗೆದಿದ್ದೇನೆ. ಬಣ್ಣ ಎದ್ದುಹೋದ ಕಡೆಯೆಲ್ಲ ಒಳಗಿನ ತುಕ್ಕು ಇಣುಕುತ್ತದೆ. ತೆಳ್ಳಗಿನ ಕಂದು ನೀರನ್ನು ಸಂದುಗಳಿಗೆ ಬಿಟ್ಟಿದ್ದೇನೆ. ಇಷ್ಟನ್ನು ಯಾರು ಬೇಕಾದರೂ ಕಲಿಯಬಹುದು. ಕಲಿಯಲು ಕಷ್ಟವಾದದ್ದು ಎಲ್ಲಿ ಕೊಳೆ ಹಾಕಬಾರದು ಎಂಬುದು. ಒಂದೊಂದು ಗೀರು ಹಾಕುವಾಗಲೂ ನಾನು ನನ್ನನ್ನೇ ಕೇಳಿಕೊಳ್ಳುತ್ತೇನೆ: ಇಲ್ಲಿ ಉಜ್ಜಿದವರು ಯಾರು? ಇಲ್ಲಿ ಕಾಲಿಟ್ಟವರು ಯಾರು? ಉತ್ತರವಿಲ್ಲದಿದ್ದರೆ ಆ ಗೀರು ಸುಳ್ಳು.

ಈಗ ವಿಷಯಕ್ಕೆ ಬರುತ್ತೇನೆ. ಫಲಿತಾಂಶಕ್ಕೆ ಮುಂಚೆ ಕಾರ್ಯದರ್ಶಿಗಳೂ ತೀರ್ಪುಗಾರರೂ ನನ್ನ ಕೆಲಸದ ಕೋಣೆಗೆ ಬಂದಿದ್ದರು. ತೀರ್ಪುಗಾರರು ಜೀವಮಾನವಿಡೀ ವಿಮಾನ ರಿಪೇರಿ ಮಾಡಿದವರು. ಅವರ ಕಣ್ಣನ್ನು ತಪ್ಪಿಸುವುದು ಸುಲಭವಲ್ಲ. ನೌಕೆಯ ಮುಂಗಾಜಿನೊಳಗೆ ಟಾರ್ಚು ಬಿಟ್ಟು, ಭೂತಗನ್ನಡಿ ಹಿಡಿದು ನೋಡಿದರು. ಒಳಗಿರುವುದು ಚಾಲಕಿಯ ಕುರ್ಚಿ, ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಅದರ ಬಲಗೈ ಮೇಲೆ ಬಣ್ಣ ಸವೆದು ಲೋಹ ಹೊಳೆಯುತ್ತದೆ. ಎಡಗೈ ಕಾರ್ಖಾನೆಯಿಂದ ಬಂದ ಹಾಗೇ ಇದೆ.

"ಎಲ್ಲಾ ಸರಿ ಇದೆಯಮ್ಮ, ಇದೊಂದನ್ನ ಮರೆತಿದ್ದೀಯ" ಎಂದರು.

"ಮರೆತಿಲ್ಲ ಸರ್" ಎಂದೆ.

"ಕುರ್ಚಿಗೆ ಎರಡು ಕೈ ಇರುತ್ತೆ. ಎರಡೂ ಸವೆಯುತ್ತೆ. ನಾನು ನೋಡಿರೋ ಅಷ್ಟು ವಿಮಾನದಲ್ಲಿ ಒಂದೇ ಕಡೆ ಸವೆದ ಕುರ್ಚಿ ಒಂದೂ ಇಲ್ಲ."

ಕಾರ್ಯದರ್ಶಿಗಳು ನಡುವೆ ಬಾಯಿ ಹಾಕಿದರು. "ಸ್ಪಂಜಲ್ಲಿ ಬೆಳ್ಳಿ ಬಣ್ಣ ಎರಡು ಸಲ ಮುಟ್ಟಿಸಿದ್ರೆ ಸವೆದ ಹಾಗೆ ಆಯ್ತಲ್ಲ. ಅದು ಆದ್ರೆ ಮೊದಲನೇ ಬಹುಮಾನ ನಿಮ್ದೇ ಅಂದ್ಕೊಳ್ಳಿ. ತಪ್ಪಿರೋದನ್ನ ಕಪಾಟಲ್ಲಿಟ್ರೆ ನಾಳೆ ನಮಗೇ ಜನ ಮೂಗು ಮುರೀತಾರೆ."

ನಾನು ಆಗಲಿ ಎನ್ನಲಿಲ್ಲ, ಆಗದು ಎನ್ನಲೂ ಇಲ್ಲ. ಅವರು ಆಗಲಿ ಎಂದೇ ತಿಳಿದುಕೊಂಡು ಹೊರಟರು. ಸುಮ್ಮನಿರುವ ಹೆಂಗಸು ಒಪ್ಪಿದ್ದಾಳೆ ಎಂದು ತಿಳಿಯುವುದು ಈ ಸಂಘದಲ್ಲಿ ಹೊಸದೇನಲ್ಲ.

ಸಭಿಕರೇ, ನನಗೊಬ್ಬ ಅಕ್ಕ ಇದ್ದಾಳೆ. ಅವಳ ಎಡಗೈ ಮೊಣಕೈಗಿಂತ ಮೇಲೆಯೇ ಮುಗಿಯುತ್ತದೆ. ಹುಟ್ಟಿದ್ದೇ ಹಾಗೆ. ಅಪಘಾತವಲ್ಲ, ಕಾಯಿಲೆಯಲ್ಲ, ಯಾರ ಪಾಪವೂ ಅಲ್ಲ. ಬಸ್ ನಿಲ್ದಾಣದ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾಳೆ. ಕಾಗದವನ್ನು ಗಲ್ಲದಡಿ ಒತ್ತಿ ಹಿಡಿದು, ಯಂತ್ರದ ಮುಚ್ಚಳ ಎತ್ತಿ, ಗಿರಾಕಿ ಬಾಯಿ ತೆರೆಯುವ ಮೊದಲೇ "ಎಷ್ಟು ಕಾಪಿ?" ಎನ್ನುತ್ತಾಳೆ. ಆ ಮುಚ್ಚಳದ ಬಲ ಅಂಚಿನಲ್ಲಿ ಬಣ್ಣವೇ ಉಳಿದಿಲ್ಲ. ಎಡ ಅಂಚಿನಲ್ಲಿ ಕಂಪನಿ ಅಂಟಿಸಿ ಕಳುಹಿಸಿದ ಪ್ಲಾಸ್ಟಿಕ್ ಹಾಳೆ ಇವತ್ತಿಗೂ ಹಾಗೇ ಇದೆ. ಯಂತ್ರವೊಂದು ಹೇಗೆ ಹಳತಾಗುತ್ತದೆ ಎಂಬುದನ್ನು ನಾನು ಕಲಿತದ್ದು ಯಾವ ಪುಸ್ತಕದಲ್ಲೂ ಅಲ್ಲ, ಆ ಮುಚ್ಚಳದಲ್ಲಿ.

ಚಿಕ್ಕವರಿದ್ದಾಗ ಎರಡು ಕುರ್ಚಿ ಮಗುಚಿ ಹಾಕಿಕೊಂಡು ನೌಕೆ ನಡೆಸುತ್ತಿದ್ದೆವು. ಅಕ್ಕ ಯಾವಾಗಲೂ ಚಾಲಕಿ. ನಾನು ಯಾವಾಗಲೂ ಸಾಮಾನು. ಒಮ್ಮೆ ನಾನು, "ನೀನು ಹೇಗೆ ಓಡಿಸ್ತೀಯೇ, ಒಂದೇ ಕೈ ಇರೋದು" ಎಂದೆ. ಮಕ್ಕಳ ಬಾಯಿ, ಅದಕ್ಕೆ ಬೀಗ ಎಲ್ಲಿರುತ್ತದೆ? ಅಕ್ಕ ಕೋಪಿಸಿಕೊಳ್ಳಲಿಲ್ಲ. "ಅಲ್ಲಿ ಎಲ್ಲಾ ತೇಲುತ್ತೆ ಕಣೇ ಪೆದ್ದಿ. ಕೈಲಿರೋದನ್ನ ಬಿಟ್ಟು ಇನ್ನೊಂದು ಹಿಡಿದು, ಆಮೇಲೆ ಮೊದಲಿಂದು ಎಲ್ಲಿತ್ತೋ ಅಲ್ಲೇ ತಗೋಬಹುದು. ಎರಡು ಕೈ ಬೇಕಾಗಿರೋದು ಭೂಮಿ ಮೇಲೆ ಮಾತ್ರ" ಎಂದಳು. ಆ ಮಾತು ವಿಜ್ಞಾನದ ಪ್ರಕಾರ ಎಷ್ಟು ಸರಿಯೋ ಇಲ್ಲಿರುವ ತಿಳಿದವರು ಹೇಳಲಿ. ನಾನಂತೂ ಇವತ್ತಿಗೂ ನಂಬಿದ್ದೇನೆ.

ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ, ಆದರೂ ಬಾಯಿಗೆ ಬಂದಿದೆ. ನಮ್ಮ ಮನೆಯ ಯಾವ ಫೋಟೋ ತೆಗೆದು ನೋಡಿದರೂ ಅಕ್ಕನ ಎಡಗಡೆ, ಒಂದು ಹೆಜ್ಜೆ ಮುಂದೆ, ನಾನು ನಿಂತಿರುತ್ತೇನೆ. ಫೋಟೋದವರು ಕ್ಯಾಮೆರಾ ಸರಿಮಾಡುವ ಹೊತ್ತಿಗೆ ಅಪ್ಪ, "ಪುಟ್ಟಿ, ನಿನ್ನ ಜಾಗಕ್ಕೆ ಹೋಗು" ಎನ್ನುತ್ತಿದ್ದರು. ಅದು ನನ್ನ ಜಾಗವೆಂದೇ ನಾನು ನಂಬಿದ್ದೆ. ಅಕ್ಕನ ಪಕ್ಕದಲ್ಲಿ ನಿಲ್ಲುವುದು ನನಗೆ ಹೆಮ್ಮೆಯಾಗಿತ್ತು. ಗಂಡಿನ ಕಡೆಯವರಿಗೆ ತೋರಿಸುವ ಫೋಟೋದಲ್ಲೂ ನಾನು ಯಾಕಿರಬೇಕು ಎಂದು ಕೇಳಿದ ದಿನ ಅಮ್ಮ ಒಳಗೆ ಎದ್ದು ಹೋದರು. ಆಗ ಗೊತ್ತಾಯಿತು, ನಾನು ಅಕ್ಕನ ಪಕ್ಕ ನಿಂತಿರಲಿಲ್ಲ, ಅಕ್ಕನ ಎಡಗೈಗೆ ಮರೆಯಾಗಿ ನಿಂತಿದ್ದೆ. ಅಪ್ಪ ಕೆಟ್ಟವರಲ್ಲ. ಹೆದರಿದ್ದರು. ಆದರೆ ಹೆದರಿಕೆಯಿಂದ ಮಾಡಿದರೂ ಮರೆ ಮರೆಯೇ.

ತೀರ್ಪುಗಾರರು ಬಂದು ಹೋದ ವಿಷಯವನ್ನು, ನೌಕೆಯನ್ನೂ ಎತ್ತಿಕೊಂಡು ಅಂಗಡಿಗೆ ಹೋಗಿ, ಅಕ್ಕನಿಗೆ ಹೇಳಿದೆ. ಅವಳು ಗಿರಾಕಿಗೆ ಚಿಲ್ಲರೆ ಕೊಡುತ್ತಲೇ, "ಮಾಡ್ಬಿಡೇ, ಬಣ್ಣ ತಾನೆ? ನಿನ್ನ ಗಂಟೇನು ಹೋಗುತ್ತೆ? ಕಪಾಟು ಸಿಗೋದು ಬಿಡ್ಬೇಡ" ಎಂದಳು. ಆಮೇಲೆ ನೌಕೆಯನ್ನು ಹತ್ತಿರ ಎಳೆದುಕೊಂಡು ಒಂದು ಕಣ್ಣು ಮುಚ್ಚಿ ಗಾಜಿನೊಳಗೆ ನೋಡಿದಳು. ತುಂಬ ಹೊತ್ತು ನೋಡಿದಳು. ಹೊರಗೆ ಜನ ಕಾಗದ ಹಿಡಿದು ಕಾಯುತ್ತಿದ್ದರು, ಅವಳು ತಲೆಯೆತ್ತಲಿಲ್ಲ. ಕೊನೆಗೆ, "ಇವಳು ತುಂಬಾ ವರ್ಷದಿಂದ ಓಡಿಸ್ತಿದ್ದಾಳೆ ಅಲ್ವಾ?" ಎಂದು ಕೇಳಿದಳು.

"ಹೌದಕ್ಕ" ಎಂದೆ. ಅವಳು ನೌಕೆಯನ್ನು ನನ್ನ ಕಡೆ ಸರಿಸಿ, ಕಾಯುತ್ತಿದ್ದವರ ಕಾಗದಕ್ಕೆ ಕೈ ಚಾಚಿದಳು.

ಮನೆಗೆ ಬಂದು ಸ್ಪಂಜಿನ ಚೂರನ್ನು ಬೆಳ್ಳಿ ಬಣ್ಣದಲ್ಲಿ ಅದ್ದಿದ್ದೂ ಆಯಿತು. ಬಹುಮಾನದ ಆಸೆ ಎಂದೆನಲ್ಲ, ಸುಳ್ಳಲ್ಲ. ನೌಕೆಯ ಮುಂಗಾಜು ಬಿಚ್ಚಿ, ಅದನ್ನು ಚಿಮುಟದಲ್ಲಿ ಹಿಡಿದು ಕುರ್ಚಿಯ ಎಡಗೈ ತನಕ ತಂದೆ. ಆಗ ಅನಿಸಿತು: ಪುಟ್ಟಿ ಮತ್ತೆ ತನ್ನ ಜಾಗಕ್ಕೆ ಹೊರಟಿದ್ದಾಳೆ. ಸ್ಪಂಜನ್ನು ಕಸದ ಬುಟ್ಟಿಗೆ ಎಸೆದೆ.

ಕಾರ್ಯದರ್ಶಿಗಳೇ, ಗಾಬರಿಯಾಗಬೇಡಿ, ನೀರು ಕುಡಿಯಿರಿ. ಹೌದು, ಕುರ್ಚಿ ಮೊದಲು ಹೇಗಿತ್ತೋ ಇವತ್ತೂ ಹಾಗೇ ಇದೆ. ಘೋಷಿಸುವ ಮೊದಲು ನೀವು ಇನ್ನೊಮ್ಮೆ ಟಾರ್ಚು ಬಿಟ್ಟು ನೋಡಬಹುದಿತ್ತು.

ತೀರ್ಪುಗಾರರೇ, ನೀವು ಸುಳ್ಳು ಹೇಳುವವರಲ್ಲ. ಒಂದೇ ಕಡೆ ಸವೆದ ಕುರ್ಚಿಯನ್ನು ನೀವು ಯಾವ ವಿಮಾನದಲ್ಲೂ ನೋಡಿಲ್ಲ. ನಾನು ಒಪ್ಪುತ್ತೇನೆ. ಯಾಕೆ ನೋಡಿಲ್ಲ? ಅಂಥ ಕುರ್ಚಿ ಇರಲು ಸಾಧ್ಯವಿಲ್ಲವೆಂದೇ? ಅಥವಾ ನನ್ನ ಅಕ್ಕನಂಥವಳನ್ನು ಆ ಕುರ್ಚಿಯಲ್ಲಿ ಯಾರೂ ಕೂರಿಸಲಿಲ್ಲವೆಂದೇ? ನಾವಿಲ್ಲಿ ಮಾಡುವುದು ಇನ್ನೂ ಬಾರದ ಕಾಲದ ನೌಕೆಗಳನ್ನು. ಯಾರೂ ಕಾಣದ ಗ್ರಹಗಳನ್ನು ಊಹಿಸುತ್ತೇವೆ, ಅಲ್ಲಿನ ಧೂಳಿನ ಬಣ್ಣವನ್ನೂ ಊಹಿಸುತ್ತೇವೆ, ಅದಕ್ಕೆ ಅಂಕ ಕೊಡುತ್ತೀರಿ. ಒಂದು ಕೈಯ ಹೆಂಗಸು ವರ್ಷಗಟ್ಟಲೆ ನೌಕೆ ನಡೆಸಿದ್ದಾಳೆ ಎಂದರೆ ಮಾತ್ರ ಅದು ತಪ್ಪು! ಎರಡೂ ಕಡೆ ಸವೆಸಿದರೆ ಆ ಕುರ್ಚಿಯಲ್ಲಿ ಬೇರೆ ಯಾರೋ ಬಂದು ಕೂರುತ್ತಾರೆ. ಅವಳನ್ನು ಎಬ್ಬಿಸಿ ನನಗೆ ಬಹುಮಾನ ಬೇಡ.

ಆದ್ದರಿಂದ ನೀವು ಕೊಟ್ಟ ಬಹುಮಾನದ ಫಲಕವನ್ನು ಮೇಜಿನ ಮೇಲೆ ಇಟ್ಟಿದ್ದೇನೆ. ಸಾಮ್ರಾಟರ ನೌಕೆ ಮಾಡಿದ ಮಿತ್ರರು ಎರಡನೆಯವರು, ಆಗಲೇ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾರೆ, ಅವರಿಗೆ ಕೊಡಿ. ಕುರ್ಚಿ ಇರುವ ಹಾಗೇ ಕಪಾಟಿನಲ್ಲಿಡುವ ಮನಸ್ಸಾದರೆ ಹೇಳಿ ಕಳುಹಿಸಿ, ನಾನೇ ತಂದು ಇಡುತ್ತೇನೆ. ಆಗದಿದ್ದರೆ ಬಸ್ ನಿಲ್ದಾಣದ ಎದುರು ಬನ್ನಿ, ಜೆರಾಕ್ಸ್ ಯಂತ್ರದ ಪಕ್ಕದಲ್ಲಿ ಇದು ಎಲ್ಲರ ಕಣ್ಣಿಗೂ ಕಾಣುತ್ತದೆ.

ಇಷ್ಟು ಹೊತ್ತು ಹಸಿವು ತಡೆದುಕೊಂಡು ಕೇಳಿದ ನಿಮಗೆಲ್ಲ, ನನ್ನ ಮೈಕನ್ನು ಕಿತ್ತುಕೊಳ್ಳದ ಅಧ್ಯಕ್ಷರಿಗೆ, ಟಾರ್ಚು ಹಿಡಿದು ಆ ಕುರ್ಚಿಯನ್ನು ಅಷ್ಟು ಹತ್ತಿರದಿಂದ ನೋಡಿದ ತೀರ್ಪುಗಾರರಿಗೆ ನಾನು ಋಣಿ. ಒಂದು ಕೈಯಲ್ಲಿ ನೌಕೆ ಇದೆ, ಕೆಳಗಿಡಲು ಮನಸ್ಸಿಲ್ಲ. ಇನ್ನೊಂದು ಕೈಯನ್ನು ಮಾತ್ರ ಎದೆಯ ಹತ್ತಿರ ತರುತ್ತಿದ್ದೇನೆ. ನನ್ನ ಅಕ್ಕ ಹುಟ್ಟಿದಾಗಿನಿಂದ ಹೀಗೇ ಕೈ ಮುಗಿಯುತ್ತಾ ಬಂದಿದ್ದಾಳೆ. ಇದು ಅರ್ಧವಲ್ಲ, ಪೂರ್ತಿ.

ನಮಸ್ಕಾರ.