ಗಂಡ ಹೆಂಡತಿ ಮೇಲೆ ಪಿಎಚ್.ಡಿ.

ಚನ್ನಗಿರಿ ಬಸ್ ನಿಲ್ದಾಣ. ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಹುಡುಗಿ, ಅವಳಾಚೆ ಅವಳ ದೊಡ್ಡಮ್ಮ. ನಾಲ್ಕು ಹೆಜ್ಜೆ ದೂರದಲ್ಲಿ, ಹೆಗಲಿಗೆ ಟವೆಲ್ ಹಾಕಿಕೊಂಡು ದೊಡ್ಡಪ್ಪ ಕಂಬಕ್ಕೆ ಒರಗಿ ನಿಂತಿದ್ದರು.

"ಇನ್ನೂ ಏನೇ ಓದಾಕೆ ಉಳಿದೈತೆ, ಪವಿತ್ರ?"

"ಕ್ಲಿನಿಕಲ್ ಸೈಕಾಲಜೀಲಿ ಪಿಎಚ್.ಡಿ., ದೊಡ್ಡಮ್ಮ. ಗಂಡ ಹೆಂಡ್ತಿ ಯಾಕೆ ಮಾತು ಬಿಡ್ತಾರೆ ಅಂತ."

"ಮದುವೇನೇ ಆಗದೋಳು ಗಂಡ ಹೆಂಡ್ತಿಗೆ ಡಾಕ್ಟ್ರಾ! ಭೇಷ್."

"ಡಾಕ್ಟ್ರಾಗೋದು ಎಲ್ಲಿ ಬಂತು? ಆರು ಯೂನಿವರ್ಸಿಟಿಗೆ ಬರೆದೆ. ಒಬ್ರು ಮಕ್ಕಳ ಮೇಲೆ ಮಾಡು ಅಂದ್ರು, ಇನ್ನೊಬ್ರು ಕುಡಿತದ ಮೇಲೆ ಮಾಡು ಅಂದ್ರು. ಗಂಡ ಹೆಂಡ್ತಿ ಮೇಲೆ ಮಾಡಿಸೋ ಗೈಡೇ ಇಲ್ಲ. ಇನ್ನು ಒಬ್ರು ಉಳಿದಾರೆ, ಅರ್ಜಿ ಹಾಕಾಕೆ ಸೋಮವಾರ ಕೊನೇ ದಿನ."

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಇಷ್ಟು ತಿಳಿಯಾಕೆ ಐದು ವರ್ಷನಾ?"

"ನೀನು ದೊಡ್ಡಪ್ಪನ ಹತ್ರ ಮಾತಾಡಿ ಎಷ್ಟು ವರ್ಷ ಆತು?"

"ಅವರ ತಂಗಿ ಗೃಹಪ್ರವೇಶಕ್ಕೆ ಬಿಟ್ಟಿದ್ದು. ಒಂಬತ್ತು."

"ಮತ್ತೆ, ಉಂಡು ಮಲಗಲಿಲ್ವಾ?"

"ದಿನಾ ಉಣ್ತೀವಿ, ದಿನಾ ಮಲಗ್ತೀವಿ. ಅದಕ್ಕೆ ಮಾತು ಯಾಕೆ ಬೇಕು?"

ಅಷ್ಟರಲ್ಲಿ ಉಬ್ರಾಣಿ ಬಸ್ ಬಂತು. ಜನ ಬಾಗಿಲಿಗೆ ಮುಗಿಬಿದ್ದರು.

"ಸೀಟು ಹಿಡಿಯಾಕೆ ಕಿಟಕಿಯಿಂದ ಟವೆಲ್ ಹಾಕ್ಬೇಕು ಅಂತ ಹೇಳೇ ಅವರಿಗೆ."

ದೊಡ್ಡಪ್ಪನ ಹೆಗಲು ಆಗಲೇ ಖಾಲಿಯಾಗಿತ್ತು.

"ಹಾಕೀನಿ ಅಂತ ಹೇಳವ್ವ. ಕಿಟಕಿ ಪಕ್ಕದ್ದೇ. ಅವಳಿಗೆ ಬಸ್ಸಲ್ಲಿ ವಾಂತಿ ಆಗ್ತೈತಲ್ಲ."

ದೊಡ್ಡಮ್ಮ ಚೀಲ ಎತ್ತಿಕೊಂಡು ಹೊರಟವರು, ಮೆಟ್ಟಿಲ ಮೇಲೆ ನಿಂತು ತಿರುಗಿದರು.

"ಕೇಳಿಸ್ತು ಅಂತ ಹೇಳೇ."