ನೋಡದೆ ಹಾಕಿದ ಸಹಿ

ನಾನು ರಾಹಿಲಾ. ಇದು ನನ್ನ ಚಿಕ್ಕಪ್ಪನ ಮಗಳು ಶಮ್ನಾಳಿಗೆ ಆದದ್ದು. ಯಾರೋ ಯಾರಿಗೋ ಹೇಳಿ ನನ್ನ ಕಿವಿಗೆ ಬಿದ್ದದ್ದಲ್ಲ. ಇದೇ ಉಮ್ಮ್ ಸಲಾಲ್‌ನ ಮನೆಯಲ್ಲಿ, ಇದೇ ಚಾಪೆಯ ಮೇಲೆ ಕೂತು ಅವಳೇ ಹೇಳಿದ್ದು.

ಅವಳು ಪುತ್ತೂರಿನವಳು. ಇಲ್ಲಿ ಗಲ್ಫಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸು. ಯಾವ ಆಸ್ಪತ್ರೆ ಅಂತ ಕೇಳಬೇಡಿ. ಗಂಡ ರಮೀಝ್‌ಗೆ ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟಿನಲ್ಲಿ ಕೆಲಸ, ತಿಂಗಳಿಗೆ ಹದಿನೈದು ದಿನ ಅಲ್ಲೇ ಕ್ಯಾಂಪು. ಆಗೆಲ್ಲ ಅಲ್ ವಕ್ರಾದ ಫ್ಲಾಟಿನಲ್ಲಿ ಇವಳೊಬ್ಬಳೇ.

ಆ ರಾತ್ರಿ ಡ್ಯೂಟಿ ಮುಗಿಸಿ ಬರುವಾಗ ಹನ್ನೊಂದೂವರೆ. ಆಸ್ಪತ್ರೆಯ ಬಸ್ಸು ದೊಡ್ಡ ರಸ್ತೆಯಲ್ಲಿ ಇಳಿಸಿ ಹೋಯಿತು. ಅಲ್ಲಿಂದ ಮನೆಗೆ ಏಳು ನಿಮಿಷದ ನಡಿಗೆ. ನಡುವೆ ಒಂದು ಖಾಲಿ ಜಾಗ ಉಂಟು. ಅದರಲ್ಲಿ ಹಳೆಯ ಕಾಲದ ಒಂದು ಬಾವಿ, ಬಾಯಿಗೆ ಕಬ್ಬಿಣದ ತಗಡು ಮುಚ್ಚಿದ್ದಾರೆ. ಪಕ್ಕದಲ್ಲಿ ಒಂದು ಸಿದ್ರ್ ಮರ, ನಮ್ಮ ಎಲಚಿಯ ಜಾತಿಯದ್ದು. ಗಾಳಿ ಇರಲಿಲ್ಲ. ಎಲೆ ಅಲುಗುತ್ತಿರಲಿಲ್ಲ.

ಟಿಣ್...

ಗಾಜಿನ ಬಳೆ ಕಬ್ಬಿಣಕ್ಕೆ ತಾಗಿದ ಸದ್ದು. ಶಮ್ನಾ ನಿಂತಳು.

ಟಿಣ್... ಟಿಣ್...

ಬಾವಿಯ ಕಡೆಯಿಂದ. ಮೊಬೈಲಿನ ಟಾರ್ಚ್ ಹಾಕಿದಳು. ತಗಡು, ಮರಳು, ಒಂದು ಹರಿದ ಸಿಮೆಂಟ್ ಚೀಲ. ಅಷ್ಟೇ. ಬೆಕ್ಕೋ ಏನೋ ಅಂದುಕೊಂಡು ಬೇಗ ಬೇಗ ನಡೆದಳು.

ಮಾರನೆಯ ದಿನ ಡ್ಯೂಟಿಗೆ ಹೋದಾಗ ಆರನೇ ಹಾಸಿಗೆ ಖಾಲಿ ಇತ್ತು.

ಆ ಹಾಸಿಗೆಯಲ್ಲಿದ್ದದ್ದು ಮೈಸೂರಿನ ಒಬ್ಬರು ಅಮ್ಮ. ಅವರ ನಿಜವಾದ ಹೆಸರನ್ನು ಶಮ್ನಾ ನನಗೂ ಹೇಳಿಲ್ಲ, ರೋಗಿಯ ಹೆಸರು ಹೊರಗೆ ಹೇಳುವಂತಿಲ್ಲವಂತೆ. ನಾನು ಭಾನುಮತಿಯಮ್ಮ ಅಂತ ಕರೆಯುತ್ತೇನೆ. ಅಲ್ ಗರಾಫಾದಲ್ಲಿ ಮಗಳ ಮನೆಗೆ ಬಂದವರು. ಶುಗರ್ ಇತ್ತು, ಕಾಲಿನ ಗಾಯ ಕೆಟ್ಟು ಸೇರಿಸಿದ್ದರು. ವಾರ್ಡಿನಲ್ಲಿ ಕನ್ನಡ ಬರುವವರು ಇಬ್ಬರೇ: ಶಮ್ನಾ, ಮತ್ತೆ ಅವಳ ಸೀನಿಯರ್ ಜೂಲಿಯಾನಾ, ಕಾರ್ಕಳದ ಕಡೆಯವಳು. ಅಮ್ಮನಿಗೆ ಅದೇ ದೊಡ್ಡ ಸಮಾಧಾನ. ಕೈಯಲ್ಲಿ ಹಸಿರು ಗಾಜಿನ ಬಳೆ. ಕರೆಯಬೇಕಾದರೆ ಬೆಲ್ ಒತ್ತುತ್ತಿರಲಿಲ್ಲ, ಮಂಚದ ಕಂಬಿಗೆ ಬಳೆ ತಾಗಿಸುತ್ತಿದ್ದರು.

ಬೆಳಗ್ಗೆ ಐದಕ್ಕೆ ರಾತ್ರಿಯ ನರ್ಸು ನೋಡುವಾಗ ಮೈ ತಣ್ಣಗಾಗಿತ್ತಂತೆ. ವಯಸ್ಸಾದವರು, ನಿದ್ದೆಯಲ್ಲೇ ಹೃದಯ ನಿಂತಿತು ಅಂದರು ಡಾಕ್ಟರು.

ಶಮ್ನಾ ನೇರ ಔಷಧಿಯ ಫ್ರಿಜ್ ಕಡೆ ನಡೆದಳು. ಯಾಕೆ ಅಂದರೆ...

ಹಿಂದಿನ ರಾತ್ರಿ ಒಂಬತ್ತೂವರೆಗೆ ಭಾನುಮತಿಯಮ್ಮನ ಇನ್ಸುಲಿನ್ ಹೊತ್ತು. ಇನ್ಸುಲಿನ್ ಕೊಡುವಾಗ ಇಬ್ಬರು ನರ್ಸುಗಳು ನೋಡಲೇಬೇಕು. ಒಬ್ಬಳು ಸಿರಿಂಜಿಗೆ ತುಂಬುವುದು, ಇನ್ನೊಬ್ಬಳು ಬಾಟ್ಲಿ, ಅಳತೆ, ರೋಗಿಯ ಹೆಸರು ಮೂರನ್ನೂ ಕಣ್ಣಾರೆ ಕಂಡು ಸಹಿ ಹಾಕುವುದು. ಆ ಸಹಿಯ ಅರ್ಥವೇ ‘ನಾನು ನೋಡಿದ್ದೇನೆ’ ಅಂತ. ಆ ಹೊತ್ತಿಗೆ ಎರಡನೇ ಹಾಸಿಗೆಯವರು ವಾಂತಿ ಮಾಡುತ್ತಿದ್ದರು. ಶಮ್ನಾಳ ಎರಡೂ ಕೈಯಲ್ಲಿ ಬೇಸಿನ್. ಜೂಲಿಯಾನಾ ಔಷಧಿಯ ಟ್ರೇಯನ್ನು ಆರನೇ ಹಾಸಿಗೆಯ ಹತ್ತಿರ ಬಿಟ್ಟು, ಫೈಲು ಹಿಡಿದು ಬಂದಳು.

“ಒಂದು ಸಹಿ ಹಾಕು ಮಾರಾಯ್ತಿ. ದಿನದ್ದೇ ಡೋಸು. ನಾನು ನೋಡಿಯಾಗಿದೆ.”

ಶಮ್ನಾ ಗ್ಲೌಸ್ ಕಿತ್ತು, ನಿಂತಲ್ಲೇ ಗೀಚಿದಳು.

ಆರನೇ ಹಾಸಿಗೆಯಿಂದ ಭಾನುಮತಿಯಮ್ಮ ಕೇಳಿದರು. “ದಿನಾ ನೇರಳೆ ಮುಚ್ಚಳದ್ದಲ್ವೇನಮ್ಮಾ ಚುಚ್ಚೋದು? ಇವತ್ತು ಕೇಸರಿ ಇದೆ. ನೀನು ನೋಡಿದ್ಯೇನಮ್ಮಾ?”

“ನೋಡಿದೆ ಅಮ್ಮಾ. ಅದೇ. ನೀವು ಮಲಗಿ.”

ನೋಡಿರಲಿಲ್ಲ. ತಲೆ ಎತ್ತಿ ಕೂಡ ನೋಡಿರಲಿಲ್ಲ.

ನೇರಳೆ ಮುಚ್ಚಳದ್ದು ದಿನವಿಡೀ ನಿಧಾನಕ್ಕೆ ಕೆಲಸ ಮಾಡುವ ಔಷಧಿ. ಕೇಸರಿಯದ್ದು ಊಟದ ಮುಂಚಿನದು, ಸರ್ರನೆ ಶುಗರ್ ಇಳಿಸುತ್ತದೆ. ಅದರಲ್ಲಿ ಅಷ್ಟು ಡೋಸು, ಹಸಿದ ಹೊಟ್ಟೆಯಲ್ಲಿ ಮಲಗಿದವರಿಗೆ... ಶಮ್ನಾ ಫ್ರಿಜ್ ತೆಗೆದು ನೋಡಿದಳು. ನೇರಳೆ ಮುಚ್ಚಳದ ಬಾಟ್ಲಿ ಇದ್ದ ಹಾಗೇ ಇತ್ತು, ಕೇಸರಿಯದ್ದು ಇಳಿದಿತ್ತು.

ಲಿನನ್ ರೂಮಿನಲ್ಲಿ ಜೂಲಿಯಾನಾಳನ್ನು ಹಿಡಿದಳು. ಜೂಲಿಯಾನಾ ಆಗಲೇ ಅತ್ತು ಮುಖ ತೊಳೆದಿದ್ದಳು.

“ನನಗೂ ಈಗಲೇ ಗೊತ್ತಾದದ್ದು, ಏಸುವಿನಾಣೆ,” ಅಂದಳು. ಆಮೇಲೆ ಪಿಸುಮಾತಿನಲ್ಲಿ, “ಯಾರೂ ಕೇಳಿಲ್ಲ. ಡಾಕ್ಟರೇ ಹಾರ್ಟು ಅಂದಾಯ್ತು. ಖಲಾಸ್. ಫೈಲಿನಲ್ಲಿ ನಿನ್ನ ಸಹಿಯೂ ಉಂಟು, ನೆನಪಿಟ್ಟುಕೋ.”

ಶಮ್ನಾ ಬಾಯಿ ಮುಚ್ಚಿದಳು. ಇಲ್ಲಿಯ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಮೂರನೇ ಸಲಕ್ಕೆ ಪಾಸಾದವಳು ಅವಳು. ಅದಕ್ಕೆ ಪಾಠ ಹೇಳಿಕೊಟ್ಟವಳು ಇದೇ ಜೂಲಿಯಾನಾ.

ಆ ರಾತ್ರಿ ಬಾವಿಯ ಹತ್ತಿರ ಬಂದಾಗ ಸದ್ದು ಕಾಯುತ್ತಿತ್ತು. ಟಿಣ್... ಟಿಣ್... ಈಗ ಅದು ಯಾರ ಬಳೆ ಅಂತ ಅವಳಿಗೆ ಗೊತ್ತಿತ್ತು. ಕೇಡು ತಟ್ಟದಿರಲಿ ಅಂತ ಕುರಾನಿನ ಆಯತುಲ್ ಕುರ್ಸಿ ಓದುತ್ತಾ ನಡೆದಳು. ಗೇಟು ದಾಟುವ ತನಕ ತಿರುಗಿ ನೋಡಲಿಲ್ಲ.

ನಾಲ್ಕನೇ ದಿನ ದೇಹವನ್ನು ಊರಿಗೆ ಕಳಿಸಿದರು. ಮುಗಿಯಿತು ಅಂದುಕೊಂಡಳು. ಆ ರಾತ್ರಿ ಸದ್ದು ಬಾವಿಯ ಹತ್ತಿರ ಇರಲಿಲ್ಲ. ಹಿಂದೆ ಇತ್ತು. ಹತ್ತು ಹೆಜ್ಜೆ ಹಿಂದೆ. ಇವಳು ನಿಂತರೆ ಅದೂ ನಿಲ್ಲುತ್ತದೆ. ಇವಳು ನಡೆದರೆ ಟಿಣ್... ಜೊತೆಗೆ ಒಂದು ಕಾಲು ಎಳೆಯುವ ಸದ್ದು. ಸರ್‍... ಸರ್‍... ಮರಳಿನ ಮೇಲೆ ಬ್ಯಾಂಡೇಜು ಎಳೆದ ಹಾಗೆ.

“ನೋಡಿದ್ಯೇನಮ್ಮಾ?”

ಕಿವಿಯ ಹಿಂದೆಯೇ. ಸಿಟ್ಟಿಲ್ಲ. ಮೆತ್ತಗೆ. ಅವತ್ತು ಕೇಳಿದ ಹಾಗೆಯೇ.

ಶಮ್ನಾ ಓಡಿದಳು. ಒಂದು ಚಪ್ಪಲಿ ಅಲ್ಲೇ ಬಿತ್ತು.

ಆಮೇಲೆ ದಿನಾ ಹಾಗೆಯೇ. ರಮೀಝ್‌ಗೆ ಫೋನ್ ಮಾಡಿದರೆ ಏನು ಹೇಳುವುದು? ವಾರ್ಡಿನಲ್ಲಿ ಒಂದೊಂದು ಬಾಟ್ಲಿಯನ್ನೂ ಐದೈದು ಸಲ ನೋಡುತ್ತಿದ್ದಳು. ಜೂಲಿಯಾನಾ ಅವಳ ಮುಖ ನೋಡುವುದನ್ನೇ ಬಿಟ್ಟಳು.

ಹನ್ನೊಂದನೇ ರಾತ್ರಿ. ಮನೆಗೆ ಬಂದು ಬಾಗಿಲಿಗೆ ಎರಡೂ ಚಿಲಕ ಹಾಕಿದ್ದಳು. ಅಡುಗೆಮನೆಯಲ್ಲಿ ನೀರು ಕುಡಿಯುತ್ತಿದ್ದಾಗ ಹೊರಗೆ ಲಿಫ್ಟು ಬಂದು ನಿಂತ ಸದ್ದು. ಬಾಗಿಲು ತೆರೆದ ಸದ್ದು. ಆಮೇಲೆ ಸರ್‍... ಸರ್‍... ಕಾರಿಡಾರಿನ ಟೈಲ್ಸ್ ಮೇಲೆ.

ಅವಳ ಬಾಗಿಲಿಗೇ ಬಂದು ನಿಂತಿತು.

ಟಿಣ್...

ಶಮ್ನಾ ಕಿಂಡಿಗೆ ಕಣ್ಣಿಟ್ಟಳು. ಕಾರಿಡಾರಿನ ದೀಪ ಉರಿಯುತ್ತಿತ್ತು. ಎದುರು ಮನೆಯವರ ಚಪ್ಪಲಿ ಸ್ಟ್ಯಾಂಡು ಕಾಣುತ್ತಿತ್ತು. ಯಾರೂ ಇಲ್ಲ. ಆದರೆ ಸದ್ದು ಕಿಂಡಿಯ ಕೆಳಗೆ, ಅವಳ ಹೊಟ್ಟೆಯ ಮಟ್ಟದಲ್ಲಿ, ಬಾಗಿಲ ಹಿಡಿಗೆ ತಾಗಿ ತಾಗಿ ಬರುತ್ತಿತ್ತು. ಕೂತವರು ಕೈ ಎತ್ತಿ ಬಡಿದ ಹಾಗೆ.

“ನೋಡಿದ್ಯೇನಮ್ಮಾ?”

ಅವಳ ಹಣೆ ಬಾಗಿಲಿಗೆ ಒರಗಿತು. ಆ ಕ್ಷಣಕ್ಕೆ ಹೆದರಿಕೆಗಿಂತ ಹೆಚ್ಚು ಇನ್ನೇನೋ ಆಯಿತಂತೆ ಅವಳಿಗೆ. ಬಾಯಿಂದ ಮಾತು ತಾನಾಗಿ ಬಂತು.

“ಇಲ್ಲ ಅಮ್ಮಾ... ನೋಡ್ಲಿಲ್ಲ. ಸುಳ್ಳು ಹೇಳಿದೆ.”

ಬಾಗಿಲ ಹಿಡಿಯ ಸದ್ದು ನಿಂತಿತು. ಆಮೇಲೆ ಸರ್‍... ಸರ್‍... ದೂರವಾಯಿತು. ಲಿಫ್ಟಿನ ಬಾಗಿಲು ಮುಚ್ಚಿತು.

ಮಾರನೆಯ ದಿನ ಡ್ಯೂಟಿಗೆ ಮೊದಲು ಜೂಲಿಯಾನಾಳಿಗೆ ಹೇಳಿದಳು. “ನಾನು ಬರೆದು ಕೊಡುತ್ತೇನೆ ಅಕ್ಕಾ. ನಾನು ಮಾಡಿದ್ದನ್ನು ಬರೆಯುತ್ತೇನೆ. ನೀವು ಮಾಡಿದ್ದನ್ನು ನೀವು ಬರೆಯಿರಿ.”

“ನನ್ನ ಮಕ್ಕಳು ಇಲ್ಲಿ ಶಾಲೆಗೆ ಹೋಗ್ತಾ ಇದ್ದಾರೆ ಶಮ್ನಾ.”

“ಗೊತ್ತುಂಟು.”

“ಗೊತ್ತಿದ್ದೂ ಬರೀತೀಯಾ?”

ಶಮ್ನಾ ನರ್ಸಿಂಗ್ ಆಫೀಸಿನ ಕಡೆ ನಡೆದಳು.

ನರ್ಸಿಂಗ್ ಮುಖ್ಯಸ್ಥೆ ಶರೀಫಾ ಮೇಡಂ ಎಲ್ಲ ಕೇಳಿ ಬಾಗಿಲು ಹಾಕಿದರು. ಬೈಯಲಿಲ್ಲ. ಒಂದು ಹಾಳೆ ಮುಂದೆ ತಳ್ಳಿದರು. “ಊಹೆ ಬರೆಯಬೇಡ. ಬೇರೆಯವರ ತಪ್ಪು ಬರೆಯಬೇಡ. ನೀನು ಕಂಡದ್ದು, ಕಾಣದ್ದು, ಅಷ್ಟೇ ಬರಿ.”

ಬರೆದಳು. ನಾನು ಬಾಟ್ಲಿ ನೋಡಿಲ್ಲ. ನೋಡದೆ ಸಹಿ ಹಾಕಿದೆ. ಬಣ್ಣ ಬೇರೆ ಇದೆ ಎಂದು ರೋಗಿ ಕೇಳಿದರು. ನೋಡಿದ್ದೇನೆ ಎಂದು ಸುಳ್ಳು ಹೇಳಿದೆ. ಬಾವಿಯ ವಿಷಯ, ಬಾಗಿಲ ವಿಷಯ ಬರೆಯಲಿಲ್ಲ. ಬರೆದು ಮುಗಿಸಿ, ಡ್ಯೂಟಿ ಮಾಡಿ, ರಾತ್ರಿ ಮನೆಗೆ ನಡೆದಳು. ಸಿದ್ರ್ ಮರ ದಾಟಿದಳು. ಬಾವಿ ದಾಟಿದಳು. ಅವಳದ್ದೇ ಹೆಜ್ಜೆ ಬಿಟ್ಟು ಏನೂ ಕೇಳಲಿಲ್ಲ.

ವಿಚಾರಣೆ ಆಯಿತು. ಭಾನುಮತಿಯಮ್ಮನ ಮಗಳನ್ನು ಕರೆಸಿ ಇದ್ದದ್ದು ಇದ್ದ ಹಾಗೆ ಹೇಳಿದರು. ಆ ಹುಡುಗಿ ಅಳಲಿಲ್ಲ. ಶಮ್ನಾಳನ್ನು ನೋಡಿ ಒಂದೇ ಮಾತು ಕೇಳಿದಳು. “ಅಮ್ಮನಿಗೆ ಗೊತ್ತಾಗಿತ್ತಾ?”

“ಅವರು ಕೇಳಿದ್ರು. ನಾನು ನೋಡಬೇಕಿತ್ತು.”

ಹುಡುಗಿ ಬ್ಯಾಗು ಎತ್ತಿಕೊಂಡು ಎದ್ದು ಹೋದಳು. ಕ್ಷಮಿಸಿದೆ ಅಂತ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಕೇಸು ಇನ್ನೂ ಮುಗಿದಿಲ್ಲ. ಶಮ್ನಾಳ ಲೈಸೆನ್ಸು ಆರು ತಿಂಗಳು ಅಮಾನತ್ತಾಗಿತ್ತು, ಈಗ ಬೇರೆ ವಾರ್ಡಿನಲ್ಲಿ, ಮೇಲಿನವರ ಕಣ್ಣ ಕೆಳಗೆ ಕೆಲಸ ಮಾಡುತ್ತಾಳೆ. ಜೂಲಿಯಾನಾಳೂ ಕೊನೆಗೆ ಬರೆದು ಕೊಟ್ಟಳು. ಇಬ್ಬರಿಗೂ ಮಾತಿಲ್ಲ.

ಇಷ್ಟೇ ಆಗಿದ್ದರೆ ಅವಳ ಮನಸ್ಸೇ ಅವಳನ್ನು ಕಾಡಿತು ಅಂತ ನೀವು ಹೇಳಬಹುದು. ನಾನೂ ಹಾಗೇ ಅಂದೆ. ಆಗ ಅವಳು ಇನ್ನೊಂದು ಹೇಳಿದಳು.

ಬರೆದು ಕೊಟ್ಟ ಮಾರನೆಯ ಬೆಳಗ್ಗೆ ಶರೀಫಾ ಮೇಡಂ ವಾರ್ಡಿನ ಶುಗರ್ ಮೀಟರನ್ನು ತನಿಖೆಗೆ ತೆಗೆದುಕೊಂಡರು. ಆ ಮೀಟರಿನಲ್ಲಿ ಪರೀಕ್ಷೆ ಮಾಡಬೇಕಾದರೆ ಮೊದಲು ರೋಗಿಯ ಕೈಪಟ್ಟಿಯನ್ನು ಸ್ಕ್ಯಾನ್ ಮಾಡಬೇಕು, ಯಾವಾಗ ಯಾರಿಗೆ ಎಷ್ಟು ಅಂತ ಅದರಲ್ಲಿ ಉಳಿಯುತ್ತದೆ. ಮೇಡಂ ಶಮ್ನಾಳನ್ನು ಒಳಗೆ ಕರೆದು, ಮೀಟರನ್ನು ಅವಳ ಕಡೆ ತಿರುಗಿಸಿ, “ಇದು ನೀನು ಮಾಡಿದ್ದಾ?” ಅಂದರು.

ಕೊನೆಯ ರೀಡಿಂಗು ಹಿಂದಿನ ರಾತ್ರಿಯದ್ದು. ಹನ್ನೆರಡು ಗಂಟೆ ಹತ್ತು ನಿಮಿಷ. ಆರನೇ ಹಾಸಿಗೆ. ಭಾನುಮತಿಯಮ್ಮನದೇ ನಂಬರು. ಆ ಹೊತ್ತಿಗೆ ಅವರ ಕೈಪಟ್ಟಿ ದೇಹದ ಜೊತೆಗೇ ಮೈಸೂರಿನಲ್ಲಿ ಬೂದಿಯಾಗಿ ವಾರ ಕಳೆದಿತ್ತು. ನರ್ಸಿನ ಹೆಸರಿರಬೇಕಾದ ಜಾಗ ಖಾಲಿ.

ಫೋಟೋ ಕೇಳಬೇಡಿ, ಅಂಥದ್ದನ್ನು ಅವಳು ಹೊರಗೆ ತರುವವಳಲ್ಲ. ಆದರೆ ಅವಳು ಕಣ್ಣಾರೆ ಕಂಡು, ಕಂಡಿದ್ದೇನೆ ಅಂತ ತನಿಖೆಯ ಹಾಳೆಗೆ ಸಹಿ ಹಾಕಿ ಕೊಟ್ಟದ್ದು ಇದು.

ಶುಗರ್ ತೊಂಬತ್ತನಾಲ್ಕು ಇತ್ತು. ನಾರ್ಮಲ್.